ಆರು ವರ್ಷ ಜೊತೆಗಿದ್ದ ನಾಯಿಯನ್ನು ಬೇರೆ ಮನೆಗೆ ಕೊಡಬೇಕೇ? ನಿರ್ಧರಿಸಲು ಆಗುತ್ತಿಲ್ಲ

ಕೆಂಪಿಯ ಮನೆ (ಬೆಂಗಳೂರು) · ಶನಿವಾರ, ರಾತ್ರಿ 11.40

ಮೂರು ವಾರದಿಂದ ಇದನ್ನು ಬರೆಯುವುದು, ಅಳಿಸುವುದು ಮಾಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೆಂಪಿ ಇದ್ದಾಳೆ. ಆರು ವರ್ಷ. ಯಾವ ತಳಿಯವಳೂ ಅಲ್ಲ, ನಮ್ಮ ಹಳೆಯ ಬೀದಿಯಲ್ಲೇ ಹುಟ್ಟಿದವಳು. ಮಳೆಗಾಲದ ಒಂದು ಬೆಳಗ್ಗೆ ಚರಂಡಿಯ ಚಪ್ಪಡಿಯ ಕೆಳಗೆ ಕುಂಯ್‌ಗುಡುತ್ತಿದ್ದ ಮರಿಯನ್ನು ನಾನೇ ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಬಂದಿದ್ದೆ. ಈಗ 19 ಕೆ.ಜಿ. ಇದ್ದಾಳೆ.

ಇದುವರೆಗೆ ನಾವಿದ್ದದ್ದು ನೆಲಮಹಡಿಯ ಬಾಡಿಗೆ ಮನೆ. ಮುಂದೆ ಅಂಗಳ, ಒಂದು ಸೀಬೆ ಮರ. ಮಾಲೀಕರು ಮನೆಯನ್ನು ಮಾರಿದರು, ಕೊಂಡವರು ಕೆಡವಿ ಕಟ್ಟಿಸುತ್ತಾರೆ. ಎರಡು ತಿಂಗಳ ಹಿಂದೆ ಮೂರನೇ ಮಹಡಿಯ, ಎರಡು ಕೋಣೆಯ ಮನೆಗೆ ಬಂದೆವು. ಅದೇ ಹೊತ್ತಿಗೆ ಶಿವಮೊಗ್ಗದಲ್ಲಿದ್ದ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು. ಈಗ ನಮ್ಮೊಂದಿಗೇ ಇದ್ದಾರೆ, ವಾಕರ್ ಹಿಡಿದು ನಡೆಯುತ್ತಾರೆ. ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತಾರೆ.

ಕೆಂಪಿಗೆ ಯಾರಾದರೂ ಎದ್ದು ನಿಂತರೆ ಸಂಭ್ರಮ. ಮುಂಗಾಲೆತ್ತಿ ಹಾರುತ್ತಾಳೆ. ಕಳೆದ ತಿಂಗಳು ಅವಳ ಉಗುರು ತಾಗಿ ಅಮ್ಮನ ಮುಂಗೈ ಚರ್ಮ ಕಿತ್ತುಬಂತು. ರಕ್ತ ನಿಲ್ಲಲು ಮುಕ್ಕಾಲು ಗಂಟೆ ಬೇಕಾಯಿತು. ನನ್ನ ಗಂಡನಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ನಾನು ವಾರಕ್ಕೆ ಮೂರು ದಿನ ಕಚೇರಿಗೆ ಹೋಗಲೇಬೇಕು. ಮಗಳು ಹತ್ತನೇ ತರಗತಿ.

ತೀರ್ಥಹಳ್ಳಿ ಹತ್ತಿರ ನನ್ನ ಗಂಡನ ಚಿಕ್ಕಪ್ಪನ ಮಗನ ಅಡಿಕೆ ತೋಟವಿದೆ. "ಅಲ್ಲಿ ಬಿಟ್ಟರೆ ಹಾಯಾಗಿ ಓಡಾಡಿಕೊಂಡಿರುತ್ತಾಳೆ" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಿನಿಂದ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಈ ದಾರಿಯಲ್ಲಿ ನಡೆದವರು ಇದ್ದರೆ ದಯವಿಟ್ಟು ಹೇಳಿ. ನಾನು ಮಾಡಲು ಹೊರಟಿರುವುದು ದ್ರೋಹವೇ?

ಕಟ್ಟುನಿಟ್ಟು · ಭಾನುವಾರ, ಬೆಳಗ್ಗೆ 6.15

ಕೇಳಿದ್ದೀರಿ, ಅದಕ್ಕೆ ನೇರವಾಗಿ ಹೇಳುತ್ತೇನೆ. ಹೌದು. ಮನೆ ಹುಡುಕುವಾಗ ಮಂಚ, ಬೀರು, ಬಟ್ಟೆ ಒಗೆಯುವ ಯಂತ್ರ ಎಲ್ಲಕ್ಕೂ ಜಾಗ ಅಳೆದಿರುತ್ತೀರಿ. ಕೆಂಪಿಗೆ ಜಾಗ ಅಳೆದಿರಾ?

ನಾನು ಹದಿನಾಲ್ಕು ವರ್ಷದಿಂದ ಬೀದಿನಾಯಿಗಳಿಗೆ ಅನ್ನ ಹಾಕುತ್ತಿದ್ದೇನೆ. ಹೊರವರ್ತುಲ ರಸ್ತೆಯ ಪಕ್ಕ ಕೊರಳಲ್ಲಿ ಬೆಲ್ಟ್ ಇರುವ ನಾಯಿ ಕಂಡಾಗ ನನಗೆ ಗೊತ್ತಾಗಿಬಿಡುತ್ತದೆ. ಪ್ರತಿ ಕಾರು ನಿಧಾನವಾದಾಗಲೂ ಎದ್ದು ನಿಲ್ಲುತ್ತದೆ, ಬಾಗಿಲ ಕಡೆ ನೋಡುತ್ತದೆ. ಬೀದಿಯಲ್ಲಿ ಬೆಳೆದ ನಾಯಿಗೆ ವಾಹನ ತಪ್ಪಿಸಿಕೊಳ್ಳುವುದು ಗೊತ್ತು, ಬಿಟ್ಟುಹೋದ ನಾಯಿಗೆ ಗೊತ್ತಿಲ್ಲ. ಹೆಚ್ಚಿನವು ವಾರ ದಾಟುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಹಸಿವು, ನೀರಡಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಆ ಐವತ್ತು ರೂಪಾಯಿಯೇ ನಮ್ಮ ದೇಶ ಈ ಪ್ರಾಣಿಗೆ ಕಟ್ಟಿದ ಬೆಲೆ. ನೀವು ಅದಕ್ಕಿಂತ ಹೆಚ್ಚು ಕಟ್ಟಿ.

ಮೂರನೇ ಮಹಡಿ · ಭಾನುವಾರ, ಬೆಳಗ್ಗೆ 9.02

ಮೇಲಿನವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ರಸ್ತೆಯಲ್ಲಿ ಬಿಟ್ಟುಹೋಗುವುದೂ, ಒಳ್ಳೆಯ ಮನೆ ಹುಡುಕಿ ಒಪ್ಪಿಸುವುದೂ ಒಂದೇ ಅಲ್ಲ. ಕೊಡದೇ ಇದ್ದದ್ದರಿಂದ ಆದದ್ದನ್ನು ನಾನು ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ.

ನಮ್ಮಲ್ಲಿ ಒಂದು ಲ್ಯಾಬ್ರಡಾರ್ ಇತ್ತು. ಅವಳಿ ಮಕ್ಕಳು ಹುಟ್ಟಿದಾಗ ಅದಕ್ಕೆ ಐದು ವರ್ಷ. ನನ್ನ ಅಕ್ಕ ಮೈಸೂರಿನ ತನ್ನ ಮನೆಗೆ ಕರೆದೊಯ್ಯುತ್ತೇನೆಂದು ಎರಡು ಸಲ ಕೇಳಿದಳು. ನಾನು ಒಪ್ಪಲಿಲ್ಲ. "ಕೊನೆಯವರೆಗೂ ನಾನೇ ಸಾಕುತ್ತೇನೆ" ಎಂದೆ. ಆ ಮೇಲಿನ ನಾಲ್ಕು ವರ್ಷ ಅದು ಬಾಲ್ಕನಿಯಲ್ಲಿ ಬದುಕಿತು. ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ ಕೆಳಗಿಳಿಸುತ್ತಿದ್ದೆವು. ಊಟ ತಪ್ಪಲಿಲ್ಲ, ಲಸಿಕೆ ತಪ್ಪಲಿಲ್ಲ. ಅದರ ಪಕ್ಕ ಕುಳಿತು ತಲೆ ಸವರಲು ಮಾತ್ರ ಯಾರಿಗೂ ಹೊತ್ತಿರಲಿಲ್ಲ. ಗಾಜಿನ ಬಾಗಿಲಿಗೆ ಮೂತಿ ಒತ್ತಿ ಒಳಗೆ ನೋಡುತ್ತಾ ಕೂರುತ್ತಿತ್ತು. ಆ ಗಾಜಿನ ಮೇಲೆ ಮೂತಿಯ ತೇವದ ಗುರುತು ಒಂದೇ ಎತ್ತರದಲ್ಲಿ ಸದಾ ಇರುತ್ತಿತ್ತು. ಅದು ಸತ್ತ ಮೇಲೆ ಆ ಗುರುತನ್ನು ಒರೆಸಿದವಳು ನಾನು.

ಬಿಟ್ಟುಕೊಡಲಿಲ್ಲ ಎಂಬ ಸಮಾಧಾನ ನನ್ನ ಪಾಲಿಗೆ ಬಂತು. ಬಾಲ್ಕನಿ ಅದರ ಪಾಲಿಗೆ ಹೋಯಿತು. ಮೇಡಂ, ನೀವು ನಿಮ್ಮನ್ನು ಕೇಳಿಕೊಳ್ಳಬೇಕಾದದ್ದು ದ್ರೋಹವೋ ಅಲ್ಲವೋ ಎಂದಲ್ಲ. ಕೆಂಪಿ ನಿನ್ನೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಏನು ಮಾಡಿದಳು? ಅದನ್ನು ಗಂಟೆಗಂಟೆಯಾಗಿ ಒಂದು ಹಾಳೆಯಲ್ಲಿ ಬರೆಯಿರಿ.

ಹಾಸನದ ಪಶುವೈದ್ಯೆ · ಭಾನುವಾರ, ಮಧ್ಯಾಹ್ನ 2.30

ಇಂಥ ಪ್ರಶ್ನೆ ಹೊತ್ತು ಚಿಕಿತ್ಸಾಲಯಕ್ಕೆ ಬರುವವರು ಹೆಚ್ಚಾಗಿ ಬಾಗಿಲು ಹಾಕುವ ಹೊತ್ತಿಗೆ ಬರುತ್ತಾರೆ, ಬೇರೆ ಯಾರೂ ಕೇಳಿಸಿಕೊಳ್ಳಬಾರದೆಂದು. ಇಲ್ಲಿ ಎಲ್ಲರೆದುರು ಕೇಳಿದ್ದೀರಿ. ಕೊಡುವ ಬಗ್ಗೆ ಆಮೇಲೆ ಮಾತಾಡೋಣ, ಮೊದಲು ನಾಲ್ಕು ವಾರ ಕೊಡಿ.

ಹಾರುವುದು ಕೋಪವಲ್ಲ. ಆರು ವರ್ಷ ಅಂಗಳದಲ್ಲಿ ಓಡಾಡಿದ ಪ್ರಾಣಿಯ ಮೈಯಲ್ಲಿ ಉಳಿದುಹೋದ ಕಸುವು ಅದು. ಈಗ ದಿನಕ್ಕೆ ಎಷ್ಟು ಹೊತ್ತು ಹೊರಗೆ ಹೋಗುತ್ತಾಳೆ? ಎರಡು ಹೊತ್ತು ಸೇರಿ ಒಂದೂವರೆ ಗಂಟೆ ನಡೆಸಿ, ಮೂಸಲು ಬಿಡಿ. ನಾಯಿಗೆ ಮೂಸುವುದೇ ಅರ್ಧ ವ್ಯಾಯಾಮ. ನಿಮಗೆ ಸಮಯವಿಲ್ಲದ ಮೂರು ದಿನಕ್ಕೆ ಯಾರನ್ನಾದರೂ ಗೊತ್ತುಮಾಡಿ. ಎರಡು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿ. ತಾಯಿಯವರ ಕೋಣೆಗೆ ಎದೆಮಟ್ಟದ ಮರದ ಗೇಟು ಹಾಕಿಸಿ. ಅವರು ಎದ್ದು ನಡೆಯುವ ಹೊತ್ತಿಗೆ ಕೆಂಪಿಯ ಬೆಲ್ಟಿಗೆ ಹಗ್ಗ ಇರಲಿ, ಹಗ್ಗ ಮನೆಯವರೊಬ್ಬರ ಕೈಯಲ್ಲಿ ಇರಲಿ. ಹಾರಿದಾಗ ಬೈಯಬೇಡಿ, ತಿರುಗಿ ನಿಲ್ಲಿ. ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ. ಮನೆಮಂದಿಯೆಲ್ಲ ಹೀಗೇ ಮಾಡಿದರೆ ಆರು ವರ್ಷದ ನಾಯಿಯೂ ಕಲಿಯುತ್ತದೆ.

ತಾಯಿಯವರ ವಿಷಯ ಹಗುರವಾಗಿ ನೋಡಬೇಡಿ. ವಯಸ್ಸಾದವರ ಚರ್ಮ ಕಾಗದದಷ್ಟು ತೆಳು. ಉಗುರು ಗೀರಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ನಾಯಿಗೆ ಲಸಿಕೆ ಆಗಿದ್ದರೂ ವೈದ್ಯರಿಗೆ ತೋರಿಸಿ. ಚರ್ಮದ ಗಾಯಕ್ಕಿಂತ ನನಗೆ ಹೆಚ್ಚು ಭಯ ಎರಡನೆಯ ಸಲ ಬೀಳುವುದರ ಬಗ್ಗೆ. ಒಮ್ಮೆ ಸೊಂಟ ಮುರಿದವರು ಮತ್ತೆ ಬಿದ್ದರೆ ಏಳುವುದು ಕಷ್ಟ.

ನಾಲ್ಕು ವಾರದ ನಂತರವೂ ಮನೆಯಲ್ಲಿ ಯಾರಾದರೊಬ್ಬರು, ಅದು ನಾಯಿಯೇ ಆಗಲಿ ಮನುಷ್ಯರೇ ಆಗಲಿ, ಬಾಗಿಲ ಹಿಂದೆಯೇ ಬದುಕಬೇಕಾಗಿದ್ದರೆ, ಆಗ ಬೇರೆ ಮನೆ ಹುಡುಕುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಆಗಿಲ್ಲದಿದ್ದರೆ ಕೊಡುವ ಮಾತೇ ಬೇಡ, ಮೊದಲು ಅದು.

ಕೆಂಪಿಯ ಮನೆ · ಭಾನುವಾರ, ಸಂಜೆ 7.10

ಎಲ್ಲರ ಮಾತನ್ನೂ ಓದಿದೆ. ಕಟ್ಟುನಿಟ್ಟು ಅವರೇ, ಮನೆ ಹುಡುಕಲು ನಮಗೆ ಸಿಕ್ಕಿದ್ದು ಐವತ್ತು ದಿನ. ನಾಯಿ ಇದೆ ಎಂದ ಕೂಡಲೇ ಹನ್ನೊಂದು ಕಡೆ ಬಾಗಿಲು ಮುಚ್ಚಿದರು. ನಾಯಿಯನ್ನು ಒಪ್ಪಿಕೊಂಡ ಒಂದೇ ಕಾರಣಕ್ಕೆ ಈ ಮನೆ ಹಿಡಿದೆವು, ಮೂರನೇ ಮಹಡಿಯಾದರೂ. ಅವಳನ್ನು ಬಿಟ್ಟು ಅಳೆದದ್ದಲ್ಲ.

ಶಸ್ತ್ರಚಿಕಿತ್ಸೆ ಒಂದು ವರ್ಷದವಳಿದ್ದಾಗಲೇ ಆಗಿದೆ. ಲಸಿಕೆ ಪುಸ್ತಕದಲ್ಲಿ ಒಂದು ವರ್ಷವೂ ತಪ್ಪಿಲ್ಲ. ನಿನ್ನೆಯ ಹದಿನಾರು ಗಂಟೆಯನ್ನು ಹಾಳೆಯಲ್ಲಿ ಬರೆದೆ. ಹೊರಗೆ ಹೋದದ್ದು 35 ನಿಮಿಷ. ಉಳಿದ ಹೊತ್ತೆಲ್ಲ ಹಜಾರದಲ್ಲಿ, ಮುಂಬಾಗಿಲಿಗೆ ಮೂತಿಯಿಟ್ಟುಕೊಂಡು. ಬರೆದು ಮುಗಿಸಿ ಅತ್ತೆ. ನಾಳೆಯಿಂದ ನಾಲ್ಕು ವಾರ.

ತೋಟದವ (ತೀರ್ಥಹಳ್ಳಿ ಕಡೆ) · ಭಾನುವಾರ, ರಾತ್ರಿ 8.45

ಅಕ್ಕಾ, ಏನಾದರೂ ಮಾಡಿ, "ತೋಟಕ್ಕೆ ಬಿಟ್ಟರೆ ಹಾಯಾಗಿರುತ್ತದೆ" ಎಂಬುದನ್ನು ಮಾತ್ರ ನಂಬಬೇಡಿ. ನಾನು ಹುಟ್ಟಿ ಬೆಳೆದದ್ದು ತೋಟದಲ್ಲೇ, ನಮ್ಮ ಮನೆಯಲ್ಲಿ ಈಗಲೂ ಮೂರು ನಾಯಿಗಳಿವೆ. ಬೆಂಗಳೂರಿನಿಂದ ತಂದು ಬಿಟ್ಟ ನಾಯಿಗಳ ಗತಿ ಕಣ್ಣಾರೆ ನೋಡಿದ್ದೇನೆ.

ಇಲ್ಲಿ ಹಗಲು ಕಟ್ಟುತ್ತಾರೆ, ರಾತ್ರಿ ಬಿಡುತ್ತಾರೆ, ಕಾವಲಿಗೆ. ರಾತ್ರಿ ಬಿಟ್ಟ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗುತ್ತದೆ. ಇದು ವರ್ಷಕ್ಕೊಮ್ಮೆ ಕೇಳುವ ಸುದ್ದಿಯಲ್ಲ, ನಮ್ಮ ಊರಿನಲ್ಲಿ ಮನೆಮನೆಯ ಕಥೆ. ಇಲ್ಲಿ ಹುಟ್ಟಿದ ನಾಯಿ ವಾಸನೆ ಹಿಡಿದ ಕೂಡಲೇ ಬಾಲ ಮಡಚಿ ಒಳಗೆ ಓಡಿಬರುತ್ತದೆ. ಪೇಟೆಯದ್ದು ಬೊಗಳುತ್ತಾ ಎದುರಿಗೆ ಹೋಗುತ್ತದೆ. ಕಾಡುಹಂದಿಗೆಂದು ಇಟ್ಟ ಉರುಳಿಗೆ ಬೀಳುವುದೂ ಉಂಟು. ಮಳೆಗಾಲದಲ್ಲಿ ಇಂಬಳ ಮೂಗಿನೊಳಗೆ ಹೋಗಿ ಕೂರುತ್ತದೆ, ವಾರಗಟ್ಟಲೆ ಸೀನುತ್ತಾ ರಕ್ತ ಸುರಿಸುತ್ತವೆ. ಉಣುಗು ಹಿಡಿದು ಜ್ವರ ಬಂದರೆ ಪಶುವೈದ್ಯರ ಹತ್ತಿರ ಹೋಗಲು ಜೀಪು ಬೇಕು, ಒಂದು ದಿನದ ಕೆಲಸ ಕೆಡಬೇಕು. ನಿಮ್ಮ ಯಜಮಾನರ ತಮ್ಮ ಒಳ್ಳೆಯವರೇ ಇರಬಹುದು. ಆದರೆ ಕೊಯ್ಲಿನ ಸಮಯದಲ್ಲಿ ಅಡಿಕೆ ಗೊನೆ ಇಳಿಸುವವರೇ ಸಿಗದೆ ಒದ್ದಾಡುವಾಗ ನಾಯಿಯ ಜ್ವರ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಳಗೆ ಮಲಗಿಸುತ್ತೇವೆ, ಮನೆಯ ಹೆಂಗಸರಿಗೂ ಇಷ್ಟವಿದೆ ಎಂದು ಅವರೇ ಬಾಯಿಬಿಟ್ಟು ಹೇಳಿದರೆ ಯೋಚಿಸಿ. "ತಂದು ಬಿಡಿ, ಇರುತ್ತದೆ ಬಿಡಿ" ಎಂದರೆ ಬೇಡ.

ಜನವರಿಯಲ್ಲಿ ಪಯಣ · ಸೋಮವಾರ, ಬೆಳಗ್ಗೆ 10.20

ನಡುವೆ ನನ್ನದೊಂದು ಪ್ರಶ್ನೆ, ಕ್ಷಮಿಸಿ. ಜನವರಿಯಲ್ಲಿ ನಮಗೆ ಜರ್ಮನಿಗೆ ವರ್ಗಾವಣೆ. ಮೂರು ವರ್ಷದ ಬೀಗಲ್ ಇದೆ. ಕರೆದೊಯ್ಯುವುದು ಆಗದ ಮಾತು ಎಂದು ಎಲ್ಲರೂ ಹೇಳುತ್ತಿದ್ದಾರೆ, ಹಾಗಾಗಿ ನಾವೂ ಕೊಡುವ ಮನೆ ಹುಡುಕುತ್ತಿದ್ದೇವೆ.

ರೈನ್ ದಂಡೆಯಿಂದ · ಸೋಮವಾರ, ಮಧ್ಯಾಹ್ನ 1.05

ಆಗದ ಮಾತಲ್ಲ, ಮೊದಲೇ ಶುರು ಮಾಡಬೇಕಷ್ಟೇ. ನಾನು ಕರೆತಂದಿದ್ದೇನೆ, ಈ ಸಾಲು ಬರೆಯುವಾಗ ನನ್ನ ಕಾಲ ಬಳಿ ಮಲಗಿದೆ. ಮೊದಲು ಮೈಕ್ರೋಚಿಪ್ (ಚರ್ಮದ ಕೆಳಗೆ ಇಡುವ ಗುರುತಿನ ಚಿಪ್), ಅದರ ನಂತರ ರೇಬಿಸ್ ಲಸಿಕೆ. ಈ ಅನುಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಐರೋಪ್ಯ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪ್ರತಿಕಾಯದ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕವಾದರೂ ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು, ಆಮೇಲೆ ಪಯಣ. ಅಂದರೆ ಎಲ್ಲ ಸೇರಿ ಐದು ತಿಂಗಳು ಕೈಯಲ್ಲಿರಲಿ. ಹೊರಡುವ ಮುನ್ನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ವಿಭಾಗದಿಂದ ಆರೋಗ್ಯ ಪ್ರಮಾಣಪತ್ರ ಬೇಕು.

ಜನವರಿಯೊಳಗೆ ಮೂರು ತಿಂಗಳು ಮುಗಿಯದಿದ್ದರೆ ನೀವು ಮೊದಲು ಬನ್ನಿ, ನಾಯಿ ತಂದೆತಾಯಿಯರ ಬಳಿ ಇದ್ದು ಆಮೇಲೆ ಬರಲಿ. ಆದರೆ ಅದರ ಪಯಣ ನಿಮ್ಮ ಪಯಣಕ್ಕಿಂತ ಐದು ದಿನಕ್ಕಿಂತ ದೂರವಿದ್ದರೆ ನಿಯಮ ಬೇರೆಯಾಗುತ್ತದೆ. ಹಾಗಾಗಿ ನೀವೇ ಒಮ್ಮೆ ಹಿಂತಿರುಗಿ ಹೋಗಿ ಕರೆತರುವುದು ಸುಲಭ.

ಇಲ್ಲಿ ನಾಯಿಗೆ ನಗರಸಭೆಗೆ ತೆರಿಗೆ ಕಟ್ಟಬೇಕು. ನಾಯಿಯನ್ನು ಸಾಕಷ್ಟು ಹೊತ್ತು ಹೊರಗೆ ಓಡಾಡಿಸಬೇಕೆಂದು ನಿಯಮವೇ ಇದೆ. ಕೆಂಪಿಯ 35 ನಿಮಿಷ ಓದಿದಾಗ ಅದೇ ನೆನಪಾಯಿತು. ಬಾಡಿಗೆ ಮನೆ ಸಿಗುವುದು ಇಲ್ಲೂ ಕಷ್ಟ, ನಾಯಿಯಿದ್ದರೆ ಇನ್ನೂ ಕಷ್ಟ. ಅದಕ್ಕೂ ಸಿದ್ಧರಾಗಿ. ಆದರೆ ಗೊತ್ತಿಲ್ಲದವರ ಮಾತು ಕೇಳಿ ಕೊಟ್ಟುಬಿಡಬೇಡಿ.

ನಿವೃತ್ತ ವಕೀಲ · ಸೋಮವಾರ, ಸಂಜೆ 5.50

ಒಂದು ಮಾತು, ಮುಂದೆ ಓದುವವರಿಗೆ ಉಪಯೋಗವಾಗಲಿ. ಅಪಾರ್ಟ್‌ಮೆಂಟ್ ಸಂಘದವರು ಸಾಕುನಾಯಿಯನ್ನು ತೆಗೆಯಿರಿ ಎಂದು ಹೇಳಿದರೆಂದು ನಾಯಿಯನ್ನು ಕೊಟ್ಟುಬಿಡುವವರು ಬಹಳ. ಸಂಘಗಳು ಹಾಗೆ ನಿರ್ಬಂಧಿಸುವಂತಿಲ್ಲ, ಬೊಗಳುತ್ತದೆ ಎಂಬ ಕಾರಣಕ್ಕೂ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಲಿಫ್ಟ್ ಬಳಸಬೇಡಿ ಎನ್ನುವುದಕ್ಕೂ ಅವಕಾಶವಿಲ್ಲ. ಮಾಲೀಕರು ಬಾಡಿಗೆ ಕರಾರಿನಲ್ಲಿ ಷರತ್ತು ಹಾಕಿ ನೀವು ಸಹಿ ಮಾಡಿದ್ದರೆ ಆ ಮಾತು ಬೇರೆ. ಸಹಿಗೆ ಮುಂಚೆ ಓದಿ.

ಹಳೇ ಬೇರು · ಮಂಗಳವಾರ, ಬೆಳಗಿನ ಜಾವ 4.55

ನನಗೆ 74. ಮಗನ ಮನೆಯಲ್ಲಿದ್ದೇನೆ. ನಿದ್ದೆ ಬಾರದೆ ಇದನ್ನೆಲ್ಲ ಓದಿದೆ. ನಾಯಿಯ ಬಗ್ಗೆ ಓದಿದೆ, ಮಗಳ ಬಗ್ಗೆ, ಯಜಮಾನರ ಪಾಳಿಯ ಬಗ್ಗೆ ಓದಿದೆ. ನಿನ್ನ ತಾಯಿಯ ಒಂದು ಮಾತೂ ಇಲ್ಲಿಲ್ಲವಲ್ಲ, ಮಗಳೇ. ಅವರನ್ನು ಕೇಳಿದೆಯಾ?

ಮಕ್ಕಳ ಮನೆಗೆ ಬಂದು ಇರುವವರು ಏನನ್ನೂ ಹೇಳುವುದಿಲ್ಲ. ಫ್ಯಾನ್ ಜೋರಾದರೂ ಹೇಳುವುದಿಲ್ಲ, ಸಾರಿಗೆ ಉಪ್ಪು ಕಮ್ಮಿಯಾದರೂ ಹೇಳುವುದಿಲ್ಲ. "ಪರವಾಗಿಲ್ಲ" ಎಂದರೆ ನಂಬಬೇಡ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಪಕ್ಕದಲ್ಲಿ ಕುಳಿತು ಕೇಳು.

ಕೆಂಪಿಯ ಮನೆ · ಒಂಬತ್ತನೆಯ ದಿನ, ರಾತ್ರಿ 12.20

ಹಳೇ ಬೇರು ಅಮ್ಮಾ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ.

ಕೇಳಿದೆ. ಮೊದಲು "ಅದೇನು ಮಾಡುತ್ತದೆ, ಪಾಪ, ಇರಲಿ ಬಿಡು" ಎಂದರು. ನಾನು ಏಳಲಿಲ್ಲ, ಅಲ್ಲೇ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಕಡೆ ನೋಡುತ್ತಾ ಹೇಳಿದರು: "ಸಂಜೆ ಐದರ ಮೇಲೆ ನಾನು ನೀರು ಕುಡಿಯುವುದಿಲ್ಲ."

ಬಚ್ಚಲಿಗೆ ಹೋಗಬೇಕಾದರೆ ಹಜಾರ ದಾಟಬೇಕು. ಹಜಾರದಲ್ಲಿ ಕೆಂಪಿ ಮಲಗಿರುತ್ತಾಳೆ. ಕತ್ತಲಲ್ಲಿ ಕಾಲಿಗೆ ಸಿಕ್ಕಿದರೆ, ಎದ್ದು ಹಾರಿದರೆ ಎಂಬ ಭಯಕ್ಕೆ ರಾತ್ರಿ ಏಳುವುದೇ ಬೇಡವೆಂದು ನೀರು ಬಿಟ್ಟಿದ್ದಾರೆ. ಎರಡು ತಿಂಗಳಿಂದ. ಅದಕ್ಕೇ ಮೂತ್ರದ ಸೋಂಕು ಎರಡು ಸಲ ಬಂದದ್ದು. ನಾವು ವಯಸ್ಸಿನ ಕಾರಣ ಎಂದುಕೊಂಡಿದ್ದೆವು. ನನ್ನ ತಾಯಿ ನನ್ನ ಮನೆಯಲ್ಲಿ ಬಾಯಾರಿ ಮಲಗುತ್ತಿದ್ದರು.

ಮಗಳಿಗೂ ಇದನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಿಯ ಕೋಣೆಯಲ್ಲಿ ನಾನು ಮಲಗುತ್ತೇನೆ, ಬಚ್ಚಲಿಗೆ ನಾನು ಕರೆದುಕೊಂಡು ಹೋಗುತ್ತೇನೆ" ಎಂದಳು. ಅಂದಿನಿಂದ ಹಾಗೆಯೇ ಮಾಡುತ್ತಿದ್ದಾಳೆ. ನಡೆಸುವುದಕ್ಕೆ ಒಬ್ಬ ಹುಡುಗನನ್ನು ಗೊತ್ತುಮಾಡಿದ್ದೇವೆ, ಗೇಟು ಹಾಕಿಸಿದ್ದೇವೆ. ಕೆಂಪಿ ಕಲಿಯುತ್ತಿದ್ದಾಳೆ, ಹತ್ತರಲ್ಲಿ ಆರು ಸಲ ಹಾರುವುದಿಲ್ಲ. ಉಳಿದ ನಾಲ್ಕು ಸಲಕ್ಕೆ ಅಮ್ಮ ಗೋಡೆ ಹಿಡಿಯುತ್ತಾರೆ.

ಮೂರನೇ ಮಹಡಿ · ಹತ್ತನೆಯ ದಿನ

ಹತ್ತನೇ ತರಗತಿಯ ಹುಡುಗಿ ರಾತ್ರಿ ಮೂರು ಸಲ ಏಳುವುದು ಎಷ್ಟು ದಿನ? ಅವಳ ಪ್ರೀತಿಯನ್ನು ನೋಡಿ ಕಣ್ಣು ತುಂಬಿತು, ಆದರೆ ಈ ಭಾರ ಅವಳದ್ದಾಗಬಾರದು.

ಕಟ್ಟುನಿಟ್ಟು · ಹತ್ತನೆಯ ದಿನ

ತಾಯಿಯವರ ವಿಷಯ ಓದಿ ನನಗೂ ಸಂಕಟವಾಯಿತು. ಮೊದಲ ದಿನ ಬರೆದ ಮಂಚ-ಬೀರುವಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಸಾಕಿದ ನಾಯಿಯನ್ನು ಕೈ ಬದಲಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ನಾಯಿಗೆ ಯಜಮಾನ ಒಬ್ಬನೇ. ನಮ್ಮ ಹಿರಿಯರು ಹೀಗೆ ಮಾಡಿದವರಲ್ಲ.

ಕಲ್ಲಿನ ಬರಹ (ಮಂಡ್ಯ) · ಹನ್ನೊಂದನೆಯ ದಿನ

ಸರ್, ನಮ್ಮ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನೆನಪಿಸಿಕೊಳ್ಳಿ. ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಮಣಲೇರ ಎಂಬ ವೀರ ತೋರಿದ ಪರಾಕ್ರಮಕ್ಕೆ ಅರಸ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಬೇರೊಬ್ಬರ ಕೈಯಲ್ಲಿ ಬೆಳೆದ ನಾಯಿ ಅದು, ಕೇಳಿ ಪಡೆದದ್ದು. ಆಮೇಲೆ ಬೇಟೆಯಲ್ಲಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ ಹಂದಿಯೂ ಕಾಳಿಯೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಪೂಜೆಗೆ ಏರ್ಪಾಡು ಮಾಡಿದ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಎಂದೂ ಬರೆಸಿದ. ನಾಯಿ ಹಂದಿಯ ಮೇಲೆ ಎರಗುವ ಚಿತ್ರವಿರುವ ಆ ಕಲ್ಲನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಕೈ ಬದಲಾದ ನಾಯಿಗೇ ಕನ್ನಡ ನಾಡು ಕಲ್ಲು ನೆಟ್ಟದ್ದು. ಕೇಳಿ ಪಡೆದವನು ಎಂಥವನು ಎಂಬುದರ ಮೇಲೆ ಎಲ್ಲ ನಿಂತಿದೆ. ಮೇಡಂ, ಕೆಂಪಿಯನ್ನು ಕೇಳಿ ಪಡೆಯುವವರು ಯಾರಾದರೂ ಇದ್ದಾರೆಯೇ? ನೀವು ಒಪ್ಪಿಸಲು ಹೋಗುವುದಲ್ಲ, ಅವರಾಗಿ ಕೇಳುವವರು?

ಕೆಂಪಿಯ ಮನೆ · ಹನ್ನೊಂದನೆಯ ದಿನ, ರಾತ್ರಿ

ಈ ಪ್ರಶ್ನೆಗೆ ಉತ್ತರ ತಕ್ಷಣ ಹೊಳೆಯಿತು, ಇಷ್ಟು ದಿನ ಹೇಗೆ ಹೊಳೆಯಲಿಲ್ಲವೋ ತಿಳಿಯದು. ಹಳೆಯ ಬೀದಿಯಲ್ಲಿ ನಮ್ಮ ಎದುರು ಮನೆಯ ಮೇಷ್ಟ್ರು. ನಿವೃತ್ತರಾಗಿ ನಾಲ್ಕು ವರ್ಷ. ನಾವು ಊರಿಗೆ ಹೋದಾಗಲೆಲ್ಲ ಕೆಂಪಿ ಅವರ ಜಗಲಿಯಲ್ಲೇ ಇರುತ್ತಿದ್ದಳು. ಮನೆ ಖಾಲಿ ಮಾಡಿದ ದಿನ ಲಾರಿಯ ಹತ್ತಿರ ಬಂದು, "ಇವಳನ್ನು ಇಲ್ಲೇ ಬಿಟ್ಟುಹೋಗಮ್ಮ" ಎಂದಿದ್ದರು. ಅದನ್ನು ನಾವು ಬೀಳ್ಕೊಡುವ ಹೊತ್ತಿನ ಮಾತೆಂದು ತಿಳಿದೆವು.

ಹಾಸನದ ಪಶುವೈದ್ಯೆ · ಹನ್ನೆರಡನೆಯ ದಿನ

ಒಳ್ಳೆಯ ಲಕ್ಷಣ. ಆದರೂ ಮೇಷ್ಟ್ರೆಂದು ಕಣ್ಣು ಮುಚ್ಚಿ ಕೊಡಬೇಡಿ. ಅವರ ಮನೆಯವರನ್ನು ಬೇರೆಯಾಗಿ ಕೇಳಿ, ಅನ್ನ ಬೇಯಿಸುವವರ ಒಪ್ಪಿಗೆ ಮುಖ್ಯ. ಹಗಲು ಮನೆಯಲ್ಲಿ ಯಾರಿರುತ್ತಾರೆ, ರಾತ್ರಿ ಎಲ್ಲಿ ಮಲಗಿಸುತ್ತಾರೆ, ವರ್ಷಕ್ಕೆ ಎಷ್ಟು ಖರ್ಚು ಬರುತ್ತದೆಂದು ಗೊತ್ತೇ, ಅವರಿಗೇ ಅನಾರೋಗ್ಯವಾದರೆ ಯಾರು ನೋಡಿಕೊಳ್ಳುತ್ತಾರೆ. ಸಂಕೋಚ ಬೇಡ, ನಾಯಿಯ ಪರವಾಗಿ ಕೇಳಲು ನಿಮ್ಮ ಹೊರತು ಯಾರೂ ಇಲ್ಲ. ಗೇಟಿನ ಸಂದಿ, ಕಾಂಪೌಂಡಿನ ಎತ್ತರ ನೋಡಿ.

ಒಮ್ಮೆಲೇ ಬಿಟ್ಟು ಬರಬೇಡಿ. ಮೊದಲು ಒಂದು ಹಗಲು, ಮುಂದಿನ ವಾರ ಒಂದು ರಾತ್ರಿ, ಆಮೇಲೆ ಮೂರು ದಿನ. ಅವಳ ಹಾಸಿಗೆಯನ್ನು ಒಗೆಯದೆ ಹಾಗೆಯೇ ಕೊಡಿ, ನಿಮ್ಮ ವಾಸನೆ ಅದರಲ್ಲಿರುತ್ತದೆ. ಊಟ ಬದಲಿಸಬೇಡಿ. ಮೊದಲ ಎರಡು ವಾರ ಹಗ್ಗವಿಲ್ಲದೆ ಗೇಟಿನಾಚೆ ಬಿಡಲೇಬಾರದು. ಹೊಸ ಮನೆಯಿಂದ ನಾಯಿ ಕಳೆದುಹೋಗುವುದು ಹೆಚ್ಚಾಗಿ ಆ ದಿನಗಳಲ್ಲೇ. ದೀಪಾವಳಿ ಹತ್ತಿರವಿದ್ದರೆ ಪಟಾಕಿ ಮುಗಿಯುವವರೆಗೆ ಕಾಯಿರಿ. ಪೂರ್ತಿ ಒಪ್ಪಿಸಿದ ಮೇಲೆ ಒಂದು ತಿಂಗಳು ನೀವು ಅತ್ತ ಹೋಗಬೇಡಿ. ಇದು ನಿಮಗೆ ಕಷ್ಟ, ಅವಳಿಗೆ ಸಹಾಯ.

ಒಂದು ಕಾಗದದಲ್ಲಿ ಬರೆದುಕೊಳ್ಳಿ: ಯಾವ ಕಾರಣಕ್ಕಾದರೂ ಅವರಿಗೆ ಇಟ್ಟುಕೊಳ್ಳಲು ಆಗದಿದ್ದರೆ ಬೇರೆ ಯಾರಿಗೂ ಕೊಡದೆ ಮೊದಲು ನಿಮಗೇ ಹಿಂದಿರುಗಿಸಬೇಕು.

ಇನ್ನು, ಇದನ್ನು ಓದುತ್ತಿರುವ ಉಳಿದವರಿಗೆ: "ಉಚಿತವಾಗಿ ಕೊಡುತ್ತೇವೆ" ಎಂದು ಮೊಬೈಲಿನಲ್ಲಿ ಹಾಕಿದ ಕೂಡಲೇ ಮೊದಲು ಕರೆ ಮಾಡುವವರು ಮರಿ ಹಾಕಿಸಿ ಮಾರುವವರಿರಬಹುದು. ಶಸ್ತ್ರಚಿಕಿತ್ಸೆಯಾಗದ ಹೆಣ್ಣುನಾಯಿಗೆ, ಅದರಲ್ಲೂ ತಳಿಯ ನಾಯಿಗೆ ಈ ಅಪಾಯ ಹೆಚ್ಚು. ವರ್ಷಕ್ಕೆರಡು ಸಲ ಮರಿ ಹಾಕಿಸಿ ಬಸವಳಿದ ಮೇಲೆ ನನ್ನ ಮೇಜಿನ ಮೇಲೆ ತಂದು ಮಲಗಿಸಿದ ನಾಯಿಗಳನ್ನು ಕಂಡವಳು ನಾನು. ಕೊಡುವವರ ಮನೆಗೆ ಬಂದು ನೋಡುತ್ತಾರೆ, ತಮ್ಮ ಮನೆಯನ್ನು ಮಾತ್ರ ತೋರಿಸಲು ಒಪ್ಪುವುದಿಲ್ಲ. ಹಾಗಾದರೆ ಅಲ್ಲಿಗೇ ಮಾತು ಮುಗಿಸಿ.

ಕೆಂಪಿಯ ಮನೆ · ಏಳನೆಯ ವಾರ

ನಾಲ್ಕು ವಾರ ಪೂರ್ತಿ ಮಾಡಿದೆವು. ಹಾರುವುದು ತುಂಬಾ ಕಡಿಮೆಯಾಯಿತು. ಅಮ್ಮನ ಭಯ ಮಾತ್ರ ಕಡಿಮೆಯಾಗಲಿಲ್ಲ, ಭಯಕ್ಕೆ ತರಬೇತಿ ಕೊಡಲು ಬರುವುದಿಲ್ಲ. ಮಗಳು ತರಗತಿಯಲ್ಲಿ ನಿದ್ದೆ ಹೋದಳೆಂದು ಶಾಲೆಯಿಂದ ಕರೆ ಬಂತು. ಆ ಸಂಜೆ ಅವಳೇ, "ಮೇಷ್ಟ್ರ ಮನೆಗೆ ಹೋಗಿ ಬರೋಣ" ಎಂದಳು.

ಮೇಷ್ಟ್ರ ಮನೆಯಾಕೆಯನ್ನು ಅಡುಗೆಮನೆಯಲ್ಲಿ ಬೇರೆಯಾಗಿ ಕೇಳಿದೆ. ಅವರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಕಂಬಕ್ಕೆ ತೂಗುಹಾಕಿದ್ದ ಕೆಂಪಿಯ ಹಳೆಯ ತಟ್ಟೆಯನ್ನು ತೋರಿಸಿದರು. ನಾವು ಮನೆ ಖಾಲಿ ಮಾಡುವಾಗ ಬಿಟ್ಟುಹೋಗಿದ್ದ ತಟ್ಟೆ. ತೊಳೆದು ಇಟ್ಟುಕೊಂಡಿದ್ದರು.

ಒಂದು ಹಗಲು, ಒಂದು ರಾತ್ರಿ, ಮೂರು ದಿನ, ಹೀಗೆ ಹೋದಳು. ಮಗಳು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಂಟು ಪುಟ ಬರೆದಳು. ಕುಕ್ಕರಿನ ಶಿಳ್ಳೆಗೆ ಮಂಚದ ಕೆಳಗೆ ಓಡುತ್ತಾಳೆ. ಎಡಗಿವಿಯ ಹಿಂದೆ ಕೆರೆದರೆ ಇಷ್ಟ, ಬಲಗಿವಿ ಮುಟ್ಟಬಾರದು, ಮರಿಯಿದ್ದಾಗ ಗಾಯವಾಗಿತ್ತು. ಮಾತ್ರೆಯನ್ನು ಇಡ್ಲಿಯೊಳಗೆ ಇಟ್ಟರೆ ನುಂಗುತ್ತಾಳೆ, ಅನ್ನದಲ್ಲಿಟ್ಟರೆ ಹುಡುಕಿ ಉಗುಳುತ್ತಾಳೆ. ಕೊನೆಯ ಪುಟದಲ್ಲಿ ನಮ್ಮ ಮೂವರ ಮೊಬೈಲ್ ಸಂಖ್ಯೆ.

ಕಾಗದಕ್ಕೆ ಸಹಿಯಾಯಿತು. ಲಸಿಕೆ, ಔಷಧದ ಖರ್ಚು ನಮ್ಮದೇ ಎಂದು ನಾವೇ ಸೇರಿಸಿದೆವು. ಮೇಷ್ಟ್ರು ಒಪ್ಪಲಿಲ್ಲ, ಬಹಳ ವಾದ ಮಾಡಿ ಅರ್ಧಕ್ಕೆ ಒಪ್ಪಿದರು.

ಅಮ್ಮ ಈಗ ಮಲಗುವ ಮುಂಚೆ ಒಂದು ಲೋಟ ನೀರು ಕುಡಿಯುತ್ತಾರೆ. ಪ್ರತಿ ರಾತ್ರಿ ಲೋಟ ಕೆಳಗಿಡುವಾಗ, "ಅದು ಉಂಡಿತಂತಾ?" ಎಂದು ಕೇಳುತ್ತಾರೆ. ಮೇಷ್ಟ್ರಿಗೆ ಕರೆ ಮಾಡಿ ಹೇಳುತ್ತೇನೆ. ಹಜಾರದಲ್ಲಿ ನಡೆಯುವಾಗ ನಾನು ಈಗಲೂ ಬಾಗಿಲ ಹತ್ತಿರ ಕಾಲೆತ್ತಿ ದಾಟುತ್ತೇನೆ. ಅಲ್ಲಿ ಯಾರೂ ಮಲಗಿಲ್ಲ.

ಕಟ್ಟುನಿಟ್ಟು · ಏಳನೆಯ ವಾರ

ನನ್ನ ಮನಸ್ಸು ಪೂರ್ತಿ ಒಪ್ಪಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಹಿಂದಿರುಗಿಸುವ ಮಾತನ್ನು ಬರೆಸಿಕೊಂಡಿದ್ದೀರಿ, ಖರ್ಚು ಹೊತ್ತಿದ್ದೀರಿ. ರಸ್ತೆಯ ಪಕ್ಕ ನಾನು ಕಾಣುವ ನಾಯಿಗಳಿಗೆ ಇದರಲ್ಲಿ ಒಂದಾದರೂ ಸಿಕ್ಕಿದ್ದರ ನೆನಪಿಲ್ಲ. ಮೇಷ್ಟ್ರಿಗೆ ಯಾವಾಗಲಾದರೂ ಊರಿಗೆ ಹೋಗಬೇಕಾಗಿ ಬಂದರೆ ತಿಳಿಸಿ, ನಾಲ್ಕು ದಿನ ನಾನು ಬಂದು ನೋಡಿಕೊಳ್ಳುತ್ತೇನೆ.

ಹೊಸ ಸದಸ್ಯೆ (ದಾವಣಗೆರೆ) · ಹನ್ನೊಂದನೆಯ ವಾರ

ಎಲ್ಲವನ್ನೂ ಒಂದೇ ಉಸಿರಿಗೆ ಓದಿದೆ. ನಮ್ಮದು ಒಂಬತ್ತು ವರ್ಷದ ನಾಯಿ, ಯಜಮಾನರು ತೀರಿಕೊಂಡು ಐದು ತಿಂಗಳು, ನಾನು ಮಗಳ ಊರಿಗೆ ಹೋಗಬೇಕು. ಒಂದೇ ಪ್ರಶ್ನೆ. ಕೆಂಪಿ ನಿಮ್ಮನ್ನು ಎಷ್ಟು ದಿನ ಹುಡುಕಿದಳು?

ಕೆಂಪಿಯ ಮನೆ · ಹನ್ನೊಂದನೆಯ ವಾರ

ಅಮ್ಮಾ, ನಿಮ್ಮ ದುಃಖದ ನಡುವೆ ಇದೊಂದು. ನಿಜವನ್ನೇ ಹೇಳುತ್ತೇನೆ. ಹನ್ನೊಂದು ದಿನ.

ಮೊದಲ ಎರಡು ದಿನ ಊಟ ಮುಟ್ಟಲಿಲ್ಲ, ನೀರು ಮಾತ್ರ ಕುಡಿದಳು. ಬೆಳಗ್ಗೆ ನಡೆಸಲು ಹೊರಟರೆ ನೇರವಾಗಿ ನಮ್ಮ ಹಳೆಯ ಮನೆಯ ಮುಂದೆ ಹೋಗಿ ಕೂರುತ್ತಿದ್ದಳಂತೆ. ಅಲ್ಲಿ ಮನೆಯಿಲ್ಲ, ತಗಡಿನ ಬೇಲಿ ಕಟ್ಟಿದ್ದಾರೆ, ಒಳಗೆ ಪಾಯ ತೋಡುತ್ತಿದ್ದಾರೆ. ತಗಡಿನ ಮುಂದೆಯೇ ಕೂರುತ್ತಿದ್ದಳು. ಮೇಷ್ಟ್ರು ಎಳೆಯಲಿಲ್ಲ. ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ, ಅವಳಾಗಿ ಏಳುವವರೆಗೆ ಹಗ್ಗ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಮಳೆ ಬಂದ ದಿನ ಕೊಡೆಯನ್ನು ಅವಳಿಗೆ ಹಿಡಿದು ನಿಂತಿದ್ದರೆಂದು ಅವರ ಮನೆಯಾಕೆ ಹೇಳಿದರು. ಹನ್ನೆರಡನೆಯ ದಿನ ತಗಡನ್ನು ಮೂಸಿ ಮುಂದೆ ಹೋದಳು.

ನಿಮ್ಮ ನಾಯಿಯ ಬಗ್ಗೆ ಹೇಳಿ. ಹೆಸರೇನು, ಏನು ತಿನ್ನುತ್ತದೆ, ಯಜಮಾನರು ಯಾವ ದಾರಿಯಲ್ಲಿ ನಡೆಸುತ್ತಿದ್ದರು? ಆ ದಾರಿಯಲ್ಲಿ ದಿನವೂ ನಿಂತು ಅದರ ತಲೆ ಸವರುತ್ತಿದ್ದವರು ಯಾರಿದ್ದಾರೆ?